ಆಳದ ಧಕ್ಕೆ

ಎರಡನೆಯ ಆದೇಶ ಬಂದಾಗ ಬಂದರು ಅಧಿಕಾರಿ ಮೊದಲನೆಯದನ್ನು ಇನ್ನೂ ಪೂರ್ತಿ ಓದಿರಲಿಲ್ಲ. ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ತಲೆಯ ಮೇಲೆ ಕೈ ಹೊತ್ತು ಕೂತರು.

"ನೋಡಮ್ಮ. ಒಬ್ಬ ಮಂತ್ರಿಗಳು ಉತ್ತರದವರ ಹಡಗು ಮೊದಲು ಬರಲಿ ಅಂತಾರೆ. ಇನ್ನೊಬ್ಬರು ಅದನ್ನ ತಡೆದು ಕಡಲಾಚೆಯವರದ್ದನ್ನ ತನ್ನಿ ಅಂತಾರೆ. ಎರಡಕ್ಕೂ ಸರ್ಕಾರದ್ದೇ ಮೊಹರು."

ಎದುರಿಗೆ ನಿಂತಿದ್ದವಳು ಆ ಬಂದರಿನ ಪೈಲಟ್. ದೂರದಲ್ಲಿ ಲಂಗರು ಹಾಕಿದ ಹಡಗನ್ನು ಹತ್ತಿ, ಮರಳುದಿಬ್ಬಗಳ ನಡುವೆ ದಾರಿ ಹೇಳಿ ಧಕ್ಕೆಗೆ ತಂದು ನಿಲ್ಲಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ.

ಬೆಟ್ಟಗಳಲ್ಲಿ ಬ್ಯಾಟರಿಗೆ ಬೇಕಾಗುವ ಅದಿರು ಸಿಕ್ಕಿದ ಮೇಲೆ ಉತ್ತರದ್ದು, ಕಡಲಾಚೆಯದ್ದು ಎಂಬ ಎರಡು ದೊಡ್ಡ ದೇಶಗಳಿಗೆ ಈ ಕರಾವಳಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಒಬ್ಬರು ಆಸ್ಪತ್ರೆ ಕಟ್ಟಿಸಿದರೆ ಇನ್ನೊಬ್ಬರು ಅದರ ಎದುರಿಗೇ ಒಂದು ಮಹಡಿ ಹೆಚ್ಚಿನದ್ದನ್ನು ಕಟ್ಟಿಸಿದರು. ಡಾಕ್ಟರು ಮಾತ್ರ ಎರಡಕ್ಕೂ ಸೇರಿ ಒಬ್ಬರೇ. ಆದರೆ ದೊಡ್ಡ ಹಡಗು ನಿಲ್ಲುವಷ್ಟು ಆಳವಿದ್ದದ್ದು ಒಂದೇ ಧಕ್ಕೆಯಲ್ಲಿ. ಯಾರ ಗಣಿ ಯಂತ್ರಗಳು ಅಲ್ಲಿ ಮೊದಲು ಇಳಿಯುತ್ತವೋ ಅವರು ಮತ್ತೆ ಜಾಗ ಬಿಡುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಅವಳ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಣ್ಣ. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲೇ ಕೂತಿದ್ದವನು ಮೂರು ತಿಂಗಳ ಹಿಂದೆ ಉತ್ತರದವರ ಕ್ಯಾಂಪಿನಲ್ಲಿ ದುಭಾಷಿಯಾಗಿ ಸೇರಿದ್ದ.

"ಪುಟ್ಟಿ, ನಮ್ಮ ಹಡಗು ಇವತ್ತು ಒಳಗೆ ಬರಲಿಲ್ಲ ಅಂದ್ರೆ ಕ್ಯಾಂಪ್ ಎತ್ತಿಬಿಡ್ತಾರಂತೆ. ನಿನ್ನ ಕೈಲಿದೆ."

"ನನ್ನ ಕೈಲಿ ಏನಿದೆ ಅಣ್ಣಾ? ಉಬ್ಬರ ಇರೋದು ಹನ್ನೆರಡರ ತನಕ. ನಂಗೆ ಗೊತ್ತಿರೋದು ಅಷ್ಟೇ."

"ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದ್ದೀನಾ ನಾನು?"

ಕೇಳಿರಲಿಲ್ಲ. ಅದೇ ಅವಳಿಗೆ ನುಂಗಲಾರದ ತುತ್ತಾಯಿತು. ಫೋನು ಇಟ್ಟು ಕಿಟಕಿಯಾಚೆ ನೋಡಿದಳು. ಎರಡು ಭಾರಿ ಹಡಗುಗಳ ಹಿಂದೆ, ತುಕ್ಕು ಹಿಡಿದ ಮೂರನೆಯದೊಂದು ನಿಂತಿತ್ತು. ಊರಿನ ಹಿಟ್ಟಿನ ಗಿರಣಿಗೆ ಬೀಗ ಬಿದ್ದು ವಾರವಾಗಿತ್ತು. ಬೇಕರಿಯ ಮುಂದೆ ಹೆಂಗಸರು ಬೆಳಿಗ್ಗೆ ನಾಲ್ಕಕ್ಕೇ ಸಾಲು ನಿಲ್ಲುತ್ತಿದ್ದರು.

"ಸರ್, ಸರದಿ ಪ್ರಕಾರ ಮೊದಲು ಬಂದಿದ್ದು ಯಾರು?"

"ಗೋಧಿ ಹಡಗು. ಹನ್ನೊಂದು ದಿನ ಆಯ್ತು," ಎಂದ ಅಧಿಕಾರಿ ತಟ್ಟನೆ ತಲೆಯೆತ್ತಿದರು. "ನಾನೇನೂ ಹೇಳಿಲ್ಲಮ್ಮ."

"ಇಲ್ಲ ಸರ್. ನೀವೇನೂ ಹೇಳಿಲ್ಲ."

ಅವಳ ದೋಣಿ ಹೊರಟದ್ದನ್ನು ಕಂಡು ಎರಡೂ ದೊಡ್ಡ ಹಡಗುಗಳು ಗಡಿಬಿಡಿಯಿಂದ ಹಗ್ಗದೇಣಿ ಇಳಿಬಿಟ್ಟವು. ಎರಡರ ನಡುವೆಯೇ ದೋಣಿ ಹಾದುಹೋಯಿತು. ವೈರ್‌ಲೆಸ್ಸಿನಲ್ಲಿ ಎರಡು ಭಾಷೆಗಳಲ್ಲಿ ಕೂಗಾಟ ಶುರುವಾಯಿತು. ಗೋಧಿ ಹಡಗಿನಲ್ಲಿ ಏಣಿಯನ್ನು ಹುಡುಕಿ ತರಲಿಕ್ಕೇ ಹತ್ತು ನಿಮಿಷ ಬೇಕಾಯಿತು. ತಮ್ಮನ್ನು ಯಾರಾದರೂ ಕರೆಯುತ್ತಾರೆಂಬ ಆಸೆಯನ್ನೇ ಅವರು ಬಿಟ್ಟಿದ್ದರು. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಹಡಗು ಧಕ್ಕೆಗೆ ಒರಗಿತು.

ಸಂಜೆಯೊಳಗೆ ಅವಳ ಪರವಾನಗಿ ಹೋಯಿತು. ಆ ಒಂದು ಆದೇಶಕ್ಕೆ ಮಾತ್ರ ಇಬ್ಬರು ಮಂತ್ರಿಗಳೂ ಸಹಿ ಹಾಕಿದ್ದರು.

ಗೋಧಿ ಇಳಿಸಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಉತ್ತರದವರು ಮುನಿಸಿಕೊಂಡು ಕ್ಯಾಂಪು ಕಿತ್ತರು. ಹತ್ತನೆಯ ದಿನ ಕಡಲಾಚೆಯವರ ಹಡಗನ್ನು ಬೇರೊಬ್ಬ ಪೈಲಟ್ ಒಳಗೆ ತಂದ.

ಅಂದು ಮಧ್ಯಾಹ್ನ ಅಣ್ಣ ಬಂದ. ಅವಳು ಹಿತ್ತಲಲ್ಲಿ ದಪ್ಪನೆಯ ಕಂಬಳಿಯೊಂದನ್ನು ಒಗೆಯುತ್ತಿದ್ದಳು.

"ಊರಿಗೆಲ್ಲ ರೊಟ್ಟಿ ಕೊಟ್ಟೆ," ಎಂದ. "ನನ್ನ ಅನ್ನ ಕಿತ್ಕೊಂಡೆ."

"ಹೌದು ಅಣ್ಣಾ."

ಅವಳು ಕಂಬಳಿಯನ್ನು ಎತ್ತಲು ನೋಡಿದಳು. ನೀರು ಕುಡಿದು ಹೆಣಭಾರವಾಗಿದ್ದ ಅದು ಕೈ ಜಾರಿ ಕಲ್ಲಿನ ಮೇಲೆ ಬಿತ್ತು. ಅಣ್ಣ ಅಂಗಿಯ ತೋಳು ಮಡಿಸಿ ಇನ್ನೊಂದು ತುದಿ ಹಿಡಿದುಕೊಂಡ. ಅವಳು ಒಂದು ಕಡೆಗೆ ತಿರುಚಿದಳು, ಅವನು ಇನ್ನೊಂದು ಕಡೆಗೆ. ನಡುವಿನಿಂದ ನೀರು ಧಾರೆಯಾಗಿ ಸುರಿಯತೊಡಗಿತು.