ಪರದೆಯ ಕೆಳಗಿನ ಸಾಲು

೨೦೧೦ನೆಯ ಇಸವಿ ನವೆಂಬರ್ ೧೪, ಭಾನುವಾರ. ಮ್ಯಾನ್‌ಹಟನ್ನಿನ ಆ ಪುಟ್ಟ ಚಿತ್ರಮಂದಿರದಲ್ಲಿದ್ದವರು ಒಟ್ಟು ಹನ್ನೊಂದು ಮಂದಿ. ಕೊನೆಯ ಸಾಲಿನಲ್ಲಿ ಶಿವಪ್ರಕಾಶನೂ ಅವನ ತಮ್ಮ ಬಾಲುವೂ ಇದ್ದರು. ಇಬ್ಬರೂ ಹೀಗೆ ಪಕ್ಕಪಕ್ಕ ಕುಳಿತು ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ಅದರಲ್ಲಿ ಹದಿನಾರು ತಿಂಗಳು ಬಾಲು ಜೈಲಿನಲ್ಲಿದ್ದ; ಹೊರಗೆ ಬಂದು ಎರಡು ವಾರ. ಮನೆಸಾಲ ಕೊಡಿಸುವ ದಲ್ಲಾಳಿಯಾಗಿದ್ದ ಅವನು ಗಿರಾಕಿಗಳಿಗೆ ಸುಳ್ಳು ಸಂಬಳದ ಚೀಟಿ ಮಾಡಿಕೊಡುತ್ತಿದ್ದ. ಅಣ್ಣನ ಚೀಟಿಯೇ ಅವಕ್ಕೆ ಮಾದರಿ. ಅದು ತಿಳಿದ ದಿನ ಶಿವಪ್ರಕಾಶ, ತನ್ನ ಗ್ರೀನ್ ಕಾರ್ಡಿಗೆ ಎಲ್ಲಿ ಸಂಚಕಾರ ಬಂದೀತೋ ಎಂದು ಹೆದರಿ, ಪೊಲೀಸರಿಗೆ ಫೋನ್ ಮಾಡಿದ್ದ. ಬಾಲುವಿಗೆ ಇದು ಗೊತ್ತಿರಲಿಲ್ಲ. ಪಾಲುದಾರ ಟೋನಿಯೇ ಹಿಡಿದುಕೊಟ್ಟನೆಂದು ನಂಬಿದ್ದ.

ಮಾತಾಡದೆ ಎರಡು ಗಂಟೆ ಜೊತೆಗಿರಬಹುದೆಂದೇ ಶಿವಪ್ರಕಾಶ ಸಿನಿಮಾಕ್ಕೆ ಕರೆದಿದ್ದ. ಅಣ್ಣತಮ್ಮಂದಿರ ಕಥೆ ಎಂದಷ್ಟೇ ಓದಿ ಟಿಕೆಟ್ ಕೊಂಡಿದ್ದ, ಭಾಷೆ ನೋಡಿರಲಿಲ್ಲ.

“ಅಣ್ಣ, ಇದು ಫ್ರೆಂಚು! ಕೆಳಗಡೆ ಇಂಗ್ಲಿಷಲ್ಲಿ ಬರೋದು ನಂಗೆ ಕಾಣ್ಸಲ್ಲ, ಹೊಸ ಕನ್ನಡಕ ಶುಕ್ರವಾರ ಕೊಡೋದು,” ಎಂದ ಬಾಲು. “ಜೈಲೇ ವಾಸಿ, ಅರ್ಥ ಆಗೋ ಸಿನಿಮಾನಾದ್ರೂ ಹಾಕೋರು. ನೀನೇ ಓದಿ ಹೇಳು, ಮೈಸೂರಲ್ಲಿ ಹೇಳ್ತಿದ್ಯಲ್ಲ, ಹಂಗೆ.”

ಮೈಸೂರಿನ ಟಾಕೀಸುಗಳಲ್ಲಿ ಇಂಗ್ಲಿಷ್ ಚಿತ್ರಗಳನ್ನು ತಮ್ಮನ ಕಿವಿಗೆ ಕನ್ನಡದಲ್ಲಿ ಉಸುರುವುದು ಅಣ್ಣನ ಕೆಲಸವಾಗಿತ್ತು. ಬಾಲು ಈಗಲೂ ಹಾಗೆಯೇ ತಲೆ ವಾಲಿಸಿದ. ಕೂದಲು ಅರ್ಧ ನರೆತಿತ್ತು. ಶಿವಪ್ರಕಾಶ ಪಿಸುಗುಟ್ಟತೊಡಗಿದ. ತಮ್ಮನ ಉಸಿರು ಅಷ್ಟು ಹತ್ತಿರ ಕೇಳಿಸುತ್ತಿರಲು, ಈ ಸಿನಿಮಾ ಮುಗಿಯದಿದ್ದರೆ ಸಾಕು ಎನ್ನಿಸಿತು.

ಪರದೆಯ ಮೇಲೆ, ಕಳ್ಳತನದಲ್ಲಿ ಸಿಕ್ಕಿಬಿದ್ದ ತಮ್ಮನೆದುರು ಅಣ್ಣ ಬಂದು ನಿಂತ. ಒಂದೇ ಮಾತಾಡಿದ. ಶಿವಪ್ರಕಾಶ ಓದಿಕೊಂಡ; ಬಾಯಿ ತೆರೆಯಲಿಲ್ಲ.

“ಏನಂದ? ಹೇಳಣ್ಣ. ಹಿಡಿದುಕೊಟ್ಟೋನು ಯಾರಂತೆ? ನಮ್ಮ ಟೋನಿ ಥರದೋನೇ ಇರ್ಬೇಕು. ನಾಳೆ ಬಸ್ ಹತ್ಕೊಂಡ್ ವುಡ್‌ಬ್ರಿಡ್ಜ್‌ಗೆ, ಅವನ ಮನೆಗೇ ಹೋಗಿ, ಆ ನನ್ಮಗನ್ನ ಅವನ ಹೆಂಡ್ತಿ ಮುಂದೇನೇ ಕೇಳ್ತೀನಿ.”

“ಟೋನಿ ಅಲ್ಲ ಕಣೋ.”

“ಮತ್ತೆ?”

“ಅಲ್ಲಿ ಅವನ ಅಣ್ಣ. ಇಲ್ಲಿ ನಾನು. ಪೊಲೀಸರಿಗೆ ಫೋನ್ ಮಾಡಿದ್ದು ನಾನೇ, ಬಾಲು.”

ಬಾಲು ತಲೆಯೆತ್ತಿ ನೆಟ್ಟಗೆ ಕುಳಿತ. ಮುಂದೆ ಯಾರೋ ಸದ್ದು ಮಾಡಬೇಡಿರೆಂದು ಗದರಿದರು.

ಪರದೆಯಲ್ಲಿ ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದರು. ಬಿಳಿಯ ಅಕ್ಷರಗಳು ಮೂಡಿ ಮೂಡಿ ಅಳಿಯುತ್ತಿದ್ದವು. ಬಾಲು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು, ತಾನೇ ಓದಲು ನೋಡುತ್ತಿದ್ದ.