ಎಡಗಡೆಯ ಚೀಲ

ಹೊಸ ರಬ್ಬರಿನ ವಾಸನೆ, ಆಸ್ಪತ್ರೆಯ ಮಂಚಕ್ಕೆ ಹಾಸುವ ಕೆಂಪು ಶೀಟಿನದೇ ವಾಸನೆ, ಇಲ್ಲಿ ಮಾತ್ರ ಕಪ್ಪು ಚೀಲಗಳಾಗಿ ಗೋಡೆ ತುಂಬ ನೇತಾಡುತ್ತಿದೆ, ಅದರಲ್ಲೊಂದನ್ನು ಇಳಿಸಿ ನನ್ನ ಮಡಿಲಿಗೆ ಹಾಕಿ ಹೋಗಿದ್ದಾನೆ, ಬಟ್ಟೆ ಮಡ್ಸೋ ಲೆಕ್ಕ ನಿಂಗೇ ಅಲ್ವಾ ಗೊತ್ತಿರೋದು ಲತಾ, ಎಷ್ಟ್ ಹಿಡೀತದೆ ತುಂಬಿ ನೋಡು ಅಂತ, ಹೌದು, ನನಗೇ ಗೊತ್ತು, ಇವನ ಬನಿಯನ್ನಿನಿಂದ ಮಫ್ಲರಿನ ತನಕ ಮಡಿಸಿ ಇಟ್ಟವಳು ನಾನೇ, ಇವನು — ಜನರೆದುರು ಇವರು, ಎದುರಿಗೆ ನೀವು, ಒಳಗೊಳಗೆ ಮಾತಾಡಿಕೊಳ್ಳುವಾಗ ಇವನು, ಗಂಡ ಗುರುಮೂರ್ತಿಗೆ ಇವತ್ತು ಅಷ್ಟು ಮರ್ಯಾದೆ ಸಾಕು — ಬತ್ತೇರಿಯ ಗೃಹಪ್ರವೇಶಕ್ಕೆ ಹೊರಡುವಾಗ ತನ್ನ ಜಾಕೆಟ್ಟು, ಎರಡು ಪ್ಯಾಂಟು, ಸ್ವೆಟರು ಎಲ್ಲ ಒಂದು ಕವರಿಗೆ ತುಂಬಿಸಿದನಲ್ಲ, ಆಗಲೇ ನನಗೆ ತಿಳಿಯಬೇಕಿತ್ತು, ಊಟ ಮುಗಿಸಿ ಮನೆ ಕಡೆಯ ಪುಲ್ಪಳ್ಳಿ ರಸ್ತೆಗೆ ತಿರುಗುವ ಬದಲು ಸೀದಾ ಕಲ್ಲೂರಿಗೆ ಬಿಟ್ಟ, ಎಲ್ಲಿಗೆ ಎಂದರೆ ಅಜೀಶನ ಅಂಗಡಿಗೆ, ಬೈಕಿನಲ್ಲಿ ಲಡಾಖಿಗೆ ಹೊರಟಿದ್ದಾರಲ್ಲ ಇಬ್ಬರೂ, ಸೋಮವಾರ ಹೊರಡುವುದಂತೆ, ಮರಕ್ಕಡವಿನಲ್ಲಿ ಮನೆ ಮುಂದಿನ ಹೊಳೆ ದಾಟಿಸಿ ಆಚೆ ದಡದ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋಗಲು ಪುರುಸೊತ್ತಿಲ್ಲದವನಿಗೆ ಲಡಾಖಿಗೆ ಪುರುಸೊತ್ತಿದೆ, ಹೋಗಲಿ, ಹಾಳಾಗಿ ಹೋಗಲಿ, ಆದರೆ ಈ ಅಂಗಡಿಗೆ ನನ್ನನ್ನು ಯಾಕೆ ತಂದ, ಈ ಬಾಗಿಲಲ್ಲಿ ಸ್ಟೂಲು ಹಾಕಿ ಯಾಕೆ ಕೂರಿಸಿದ, ಇಲ್ಲಿ ಕೂತರೆ ಕಣ್ಣೆದುರಿಗೇ ಆ ಮೋರಿ, ಹಳದಿ ಕಪ್ಪು ಪಟ್ಟೆ ಬಳಿದ ಮೋರಿಯ ಕಟ್ಟೆ, ಮಳೆಯಲ್ಲಿ ತೊಳೆದು ಹೊಳೆಯುತ್ತಿದೆ. ನಾನು ಆ ಕಡೆ ನೋಡುವುದಿಲ್ಲ. ಸ್ವೆಟರು ಸುರುಳಿ ಸುತ್ತುತ್ತೇನೆ.

ಅಜೀಶ ಮಾತಾಡುತ್ತಲೇ ಇದ್ದಾನೆ, ಇವನ ಜೊತೆ ಪುಲ್ಪಳ್ಳಿ ಶಾಲೆಯಲ್ಲಿ ಓದಿದವನು, ಮುತ್ತಂಗದ ಕಡೆಗೆ ಹೋಗುವ ಬೆಂಗಳೂರಿನ ಗಾಡಿಯವರನ್ನು ನೋಡಿ ನೋಡಿ ಈ ಅಂಗಡಿ ಹಾಕಿದ, ಹೆಲ್ಮೆಟ್ಟು, ಗ್ಲೌಸು, ಚೀಲ, ತಗಡಿನ ಪೆಟ್ಟಿಗೆ, ನನ್ನ ಕಡೆ ತಿರುಗಿ ಚೇಚಿ, ಅಕ್ಕಾ, ಪೆಟ್ಟಿಗೆ ನೋಡಿ, ಬೀಗ ಇದೆ, ಬಿದ್ರೂ ಒಡೆಯಿಲ್ಲ, ಆದರೆ ಭಾರ, ಚೀಲ ಆದ್ರೆ ಹಗುರ, ಬಿದ್ರೆ ಕಾಲಿಗೆ ಪೆಟ್ಟಾಗಲ್ಲ, ಬಿದ್ದರೆ ಬಿದ್ದರೆ ಎಂದು ಎಷ್ಟು ಸಲೀಸಾಗಿ ಹೇಳುತ್ತಾರೆ ಇವರು, ಚೀಲವೇ ಸಾಕು ಎಂದೆ, ನನ್ನ ಮಾತು ಕೇಳಿಸಿತೋ ಇಲ್ಲವೋ, ಅವರಾಗಲೇ ಮತ್ತೆ ಗಾಡಿಯ ವಿಷಯಕ್ಕೆ ಹೋಗಿದ್ದರು, ಅಜೀಶನದು ಹೊಸ ಗಾಡಿ, ಎಫ್‌ಐ, ಫ್ಯೂಯೆಲ್ ಇಂಜೆಕ್ಷನ್ನಂತೆ, ಕಾರ್ಬುರೇಟರ್ ಇಲ್ಲ, ಗುರೂ, ಮೇಲೆ ಹೋದಷ್ಟೂ ಗಾಳಿ ಕಮ್ಮಿ ಅಲ್ವೇ, ನಿನ್ನ ಕಾರ್ಬುರೇಟರಿಗೆ ಅದು ತಿಳಿಯಿಲ್ಲ, ಕಲ್ಲೂರಲ್ಲಿ ಕೊಟ್ಟಷ್ಟೇ ಪೆಟ್ರೋಲ್ ಅಲ್ಲೂ ಕೊಡುತ್ತೆ, ವಂಡಿ ಉಸಿರು ಕಟ್ಟಿ ಮುಕ್ಕರಿಯುತ್ತೆ, ಎಫ್‌ಐ ಆದ್ರೆ ಸೆನ್ಸರ್ ಇದೆ, ಗಾಳಿ ನೋಡುತ್ತೆ, ಚಳಿ ನೋಡುತ್ತೆ, ಅದೇ ಅಳೆದು ಕೊಡುತ್ತೆ. ಇವನು ಬಿಡುತ್ತಾನೆಯೇ, ಸೆನ್ಸರ್ ಕೈಕೊಟ್ರೆ ಕಂಪ್ಯೂಟರ್ ಹಚ್ಚೋನ್ನ ಆ ಗುಡ್ಡದಲ್ಲಿ ಎಲ್ ಹುಡುಕ್ತೀಯ, ನಂದಾದ್ರೆ ಒಂದ್ ಸ್ಕ್ರೂಡ್ರೈವರ್ ಕನಯ್ಯ, ಜೆಟ್ ಬಿಚ್ಚು, ಊದು, ಹಾಕು, ಮುಗೀತು, ಬ್ಯಾಟ್ರಿ ಸತ್ರೂ ಒಂದ್ ಕಿಕ್ಕು. ಒಂದು ಕಿಕ್ಕಂತೆ. ಬೆಳಿಗ್ಗೆ ಎದ್ದು ಗಾಡಿಯ ಎಡಗಡೆ ಬಗ್ಗಿ ಚೋಕಿನ ಕಡ್ಡಿ ಎತ್ತಿ ಹಿಡಿದುಕೊಳ್ಳುವವಳು ಯಾರು, ಅದರ ಸ್ಪ್ರಿಂಗು ಸವೆದು ತಾನಾಗಿ ನಿಲ್ಲುವುದೇ ಇಲ್ಲ, ಇವನು ಆ ಕಡೆ ನಿಂತು ಒದೆಯುವುದು, ನಾನು ಈ ಕಡೆ ಕೂತು ಹಿಡಿಯುವುದು, ಎಳಿ ಎಂದರೆ ಎಳೆಯಬೇಕು, ಬುಡು ಎಂದರೆ ಬಿಡಬೇಕು, ಲಡಾಖಿನಲ್ಲಿ ಯಾರು ಹಿಡಿಯುತ್ತಾರೆ ಎಂದು ಕೇಳಬೇಕೆನ್ನಿಸಿತು. ಸೆನ್ಸರಂತೆ, ಗಾಳಿ ತೆಳುವಾದರೆ ತಿಳಿದುಕೊಳ್ಳುತ್ತದಂತೆ, ಒಂದು ಚೂರು ತಗಡಿಗೆ ಅಷ್ಟು ತಿಳಿಯುತ್ತದೆ, ಜೊತೆಯಲ್ಲಿ ಉಂಡು ಮಲಗಿ ಎದ್ದವನಿಗೆ ತಿಳಿಯುವುದಿಲ್ಲ, ಹೆಂಡತಿಯನ್ನು ಎಲ್ಲಿ ತಂದು ಕೂರಿಸಿದ್ದೇನೆ ಎಂದು.

ಪಕ್ಕದ ಶೆಡ್ಡಿನಲ್ಲಿ ಗ್ರೈಂಡರ್ ಶುರುವಾಯಿತು, ಶ್ರೀಧರೇಟ್ಟನ ವೆಲ್ಡಿಂಗ್ ಶೆಡ್ಡು, ನಮ್ಮ ಗಾಡಿ ನಿಲ್ಲಿಸಿದ್ದೂ ಅದರ ಮುಂದೆಯೇ, ಯಾರದೋ ಗೇಟೋ ಕಿಟಕಿಯೋ, ಹಲ್ಲು ಜುಮ್ಮೆನ್ನುತ್ತದೆ, ಇವನು ಎದ್ದು ಆ ಕಡೆ ಹೋದ, ಹೋಗಲಿ, ಸ್ವಲ್ಪ ಉಸಿರಾಡುತ್ತೇನೆ. ಗೇಟು. ಅವತ್ತೂ ಗೇಟೇ, ಮುತ್ತಂಗದ ಕಾಡಿನ ಗೇಟು, ಒಂಬತ್ತಕ್ಕೆ ಹಾಕಿದರೆ ಬೆಳಗಾಗುವ ತನಕ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ, ಕಾಡುಪ್ರಾಣಿಗಳಿಗೆ ರಾತ್ರಿ ರಸ್ತೆ ಬಿಟ್ಟುಕೊಟ್ಟಿದ್ದಾರೆ, ಒಳ್ಳೆಯದೇ, ಆದರೆ ಈ ಗಡಿಯ ಜನಕ್ಕೆ, ಆಚೆ ತವರು ಈಚೆ ಗಂಡನ ಮನೆ ಇಟ್ಟುಕೊಂಡ ನಮ್ಮಂಥವರಿಗೆ, ಆ ಗೇಟು ಕಂಡರೆ ಏನೋ ಹಠ, ಹಾಕುವುದರೊಳಗೆ ದಾಟಬೇಕು, ದಾಟಿ ಬಂದವರು ಮಾರನೆಯ ದಿನ ಚಾಯಂಗಡಿಯಲ್ಲಿ ಅದನ್ನೇ ಕೊಚ್ಚಿಕೊಳ್ಳಬೇಕು. ಗೌರಿ ಹಬ್ಬದ ಹಿಂದಿನ ದಿನ, ಗುಂಡ್ಲುಪೇಟೆ ಕಡೆಯ ನನ್ನ ತವರಿನಲ್ಲಿ ಅವ್ವ ಬಾಗಿನ ಸಿದ್ಧ ಮಾಡಿಟ್ಟು ಕಾಯುತ್ತಿದ್ದಳು, ಹೊಟ್ಟೆಯಲ್ಲಿ ನಾಲ್ಕು ತಿಂಗಳು, ಅದನ್ನು ಅವ್ವನಿಗೆ ಬಾಯಾರೆ ಹೇಳಬೇಕೆಂದು ಫೋನಿನಲ್ಲಿ ಹೇಳಿರಲಿಲ್ಲ, ನಾನು ಚೂಡಿದಾರ ಹಾಕಿಕೊಂಡಿದ್ದೆ, ಅತ್ತೆ ನಿಂಗಮ್ಮ ಕೇಳಲಿಲ್ಲ, ಬಾಗಿನಕ್ ಹೋಗೋಳು ಹಿಂಗ್ ಹೋದಾಳಾ, ನಿಮ್ಮವ್ವ ನನ್ನ ಏನಂದಾಳು, ಸೀರೆ ಉಡು ಕನೆ, ಉಟ್ಟೆ, ಗಿಳಿಹಸಿರು ಸೀರೆ, ಕೆಂಪು ಅಂಚು, ಆಕೆಯದೇನೂ ತಪ್ಪಿಲ್ಲ. ಮಳೆ ಹಿಡಿದಿತ್ತು, ಗಾಡಿ ತಣ್ಣಗೆ ಕೂತಿತ್ತು, ಚೋಕ್ ಎಳೆಸಿ ಒದ್ದ, ಮತ್ತೆ ಎಳೆಸಿ ಒದ್ದ, ಸಾಕು ಬುಡಿ, ಪೆಟ್ರೋಲ್ ವಾಸನೆ ಬತ್ತಾ ಅದೆ ಎಂದೆ, ನಿಂಗೇನ್ ಗೊತ್ತಾದದು ಎಂದ, ಓವರ್‌ಫ್ಲೋ ಆಯಿತು, ಪ್ಲಗ್ಗು ತೊಯ್ದು ತೊಪ್ಪೆ, ಬಿಚ್ಚಿ ಒರೆಸಿ ನನ್ನ ಒಲೆಯ ಮುಂದೆ ಕಾಯಿಸಿ ಮತ್ತೆ ಹಾಕಿ ಹೊರಡುವಾಗ ಕತ್ತಲಾಗಿತ್ತು, ನಾಳೆ ಹೊತ್ತಾರೆ ಎದ್ದು ಹೋಗನ ಎಂದೆ, ಗೇಟ್ ಹಾಕೋದ್ರೊಳಗೆ ದಾಟಿಸ್ತೀನಿ ನೋಡು ಎಂದ, ಬತ್ತೇರಿ ದಾಟಿದ ಮೇಲೆ ಮುಂದೆ ಒಂದು ಲಾರಿ, ಅದೂ ಗೇಟಿಗೇ ಓಡುತ್ತಿತ್ತು, ಅದನ್ನು ಹಿಂದೆ ಹಾಕಲು ಇವನು ಆಕ್ಸಿಲರೇಟರ್ ತಿರುಚಿದ, ನಿಧಾನ, ನಿಧಾನ ಎಂದು ಬೆನ್ನಿಗೆ ಗುದ್ದಿದೆ, ಗಾಳಿಗೆ ಸೆರಗು ಸೊಂಟದಿಂದ ಬಿಚ್ಚಿತು, ಹಿಡಿಯುವಷ್ಟರಲ್ಲಿ ಹೋಯಿತು, ಕೆಳಗಿನಿಂದ ಯಾರೋ ನನ್ನನ್ನು ಜಗ್ಗಿದರು, ಅಷ್ಟೇ, ಆಮೇಲೆ ಇದೇ ಮೋರಿಯ ಕಟ್ಟೆಯ ಪಕ್ಕ ನಾನು, ಅಡ್ಡ ಬಿದ್ದ ಗಾಡಿ, ಕಣ್ಣಿನ ನೇರಕ್ಕೆ ಹಿಂದಿನ ಚಕ್ರ, ಇನ್ನೂ ಸಾವಕಾಶ ತಿರುಗುತ್ತಿತ್ತು, ಕಡ್ಡಿಗಳ ನಡುವೆ ಹರಿದ ಹಸಿರು, ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು, ಮತ್ತೆ ಮೇಲೆ.

ಆ ಗಾಡಿಗೆ ಕಂಪನಿಯವರು ಕೊಟ್ಟ ಸೀರೆ ಗಾರ್ಡು ಇತ್ತು, ಎಡಗಡೆ ಹೆಂಗಸರು ಕೂರುವ ಕಡೆ ಚಕ್ರಕ್ಕೆ ಅಡ್ಡವಾಗಿ ಕಂಬಿಯ ಜಾಲರಿ ಇರುತ್ತದಲ್ಲ, ಅದು, ಮದುವೆಗೆ ಮೊದಲೇ ಬಿಚ್ಚಿಸಿ ಎಸೆದಿದ್ದ, ಗಾಡಿಯ ಅಂದ ಕೆಡುತ್ತದೆ ಎಂದು. ಅದನ್ನು ಯಾರೂ ಕೇಳಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಬಂದವರಿಗೆಲ್ಲ ಇವನು ಹೇಳುತ್ತಿದ್ದದ್ದು ಒಳಗೆ ಕೆಂಪು ರಬ್ಬರ್ ಶೀಟಿನ ಮೇಲೆ ಮಲಗಿದ ನನಗೆ ಕೇಳುತ್ತಿತ್ತು, ಸೆರಗ್ ನೋಡ್ಕಬೇಕಿತ್ತು ಅವ್ಳು, ಸೆರಗ್ ಸರಿಯಾಗ್ ಸಿಗಿಸ್ಕಂಡಿದ್ರೆ ಏನೂ ಆಯ್ತಿರ್ಲಿಲ್ಲ, ಲಾರಿಯ ಮಾತಿಲ್ಲ, ಗೇಟಿನ ಮಾತಿಲ್ಲ, ಅವ್ವ ಹಬ್ಬದ ದಿನ ಮೊದಲ ಬಸ್ಸಿಗೆ ಬಂದಳು, ಬಾಗಿನದ ಮೊರವನ್ನು ಇನ್ನೊಂದು ಮೊರದಿಂದ ಮುಚ್ಚಿ ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು, ಕೊಡಬೇಕೋ ವಾಪಸು ಒಯ್ಯಬೇಕೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದು ಹೋದ ಮೇಲೆ ಮತ್ತೆ ನನಗೆ ಬಸಿರು ನಿಲ್ಲಲಿಲ್ಲ. ನಾನು ಎದ್ದು ಓಡಾಡುವಂತಾದ ಮೇಲೆ ಒಂದು ದಿನ ನೋಡಿದರೆ ಗಾಡಿಗೆ ಗಾರ್ಡು ಬಂದಿತ್ತು, ಕಂಪನಿಯದಲ್ಲ, ಬೆರಳು ಗಾತ್ರದ ಕಂಬಿ, ಅರ್ಧ ಚಕ್ರ ಮುಚ್ಚುವಷ್ಟು ಅಗಲ, ಇವನು ಹತ್ತು ಎಂದ, ಹತ್ತಿದೆ, ಎಷ್ಟೋ ದಿನದ ಮೇಲೆ ಶ್ರೀಧರೇಟ್ಟನೇ ಸಿಕ್ಕಿದಾಗ ಹೇಳಿದ, ಮೋಳೇ, ಮಗಳೇ ಎಂದೇ ಅವನು ನನ್ನನ್ನು ಕರೆಯುವುದು, ಅದರಲ್ಲಿ ಒಂದು ಕಂಬಿ ನಿನ್ನ ಗಂಡನೇ ವೆಲ್ಡ್ ಮಾಡಿದ್ದು, ಬೇಡ ಅಂದ್ರೂ ಕೇಳಿಲ್ಲ, ಕೈ ವಿರಚ್ಚು, ನಡುಗಿ ಇಷ್ಟು ದಪ್ಪ ಗಂಟಾಯ್ತು, ಉಜ್ಜಿ ನಯ ಮಾಡ್ತೀನಿ ಅಂದ್ರೆ ಇರ್ಲಿ ಅಂದ. ಇರ್ಲಿ ಅಂದ. ಆ ಒಂದು ಮಾತನ್ನು ನಾನು ಇಟ್ಟುಕೊಂಡೆ, ಹಿಂದೆ ಕೂತಾಗೆಲ್ಲ ಹಿಮ್ಮಡಿಗೆ ಆ ಗಂಟು ತಾಗುತ್ತಿತ್ತು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಾರದವನು ಕಬ್ಬಿಣದಲ್ಲಿ ಹೇಳಿದ್ದಾನೆ, ಸಾಕು ಎಂದುಕೊಂಡೆ, ಇಷ್ಟು ವರ್ಷ ಸಾಕು ಎಂದುಕೊಂಡೇ ಬದುಕಿದೆ, ಎಂಥ ಹೆಡ್ಡಿ ನಾನು, ಒಂದು ಕಬ್ಬಿಣದ ಗಂಟಿಗೆ ಇಷ್ಟು ವರ್ಷ.

ಗ್ರೈಂಡರ್ ನಿಂತಿತು. ಒಂದು ಚೀಲ ತುಂಬಿತು ಅಜೀಶಾ, ಇನ್ನೊಂದು ಯಾಕೆ, ಸ್ವೆಟರೂ ಹಿಡಿಯಿತು ಎಂದೆ, ಎರಡು ಬೇಕು ಚೇಚಿ, ಬಲಗಡೆ ಸೈಲೆನ್ಸರ್ ಅಲ್ವೇ, ಬಿಸಿಗೆ ಚೀಲ ಕರಗುತ್ತೆ, ಅಲ್ಲಿ ಚಿಕ್ಕದು, ದೊಡ್ಡದು ಎಡಗಡೆಗೆ, ಎಡಗಡೆ ಎಂದನಲ್ಲ, ಎಡಗಡೆ ಎಲ್ಲಿ ಜಾಗ, ಅಲ್ಲಿ ಗಾರ್ಡಿದೆ, ಹಾಗಾದರೆ ಸೀಟಿನ ಮೇಲೆ ಕಟ್ಟುವುದು ತಗೊಳ್ಳಿ ಎಂದೆ, ಅದೂ ಇದೆ ಎಂದು ನಕ್ಕ, ಹಿಂದೆ ಕೂರೋ ಆಳಿಲ್ಲಲ್ಲಾ, ಸೀಟೆಲ್ಲ ಖಾಲಿಯೇ, ಅಂದರೆ ನಾನು ಕೂರುವ ಜಾಗದಲ್ಲಿ ಒಂದು, ಕಾಲು ಬಿಡುವ ಜಾಗದಲ್ಲಿ ಒಂದು, ನನ್ನ ಕೈಯಿಂದಲೇ ತುಂಬಿಸಿ, ಚೀಲದ ಬಾಯಿ ಬಿಗಿದು ಕಟ್ಟಿದೆ, ಅಷ್ಟರಲ್ಲಿ ಇವನು ಕೈ ಒರೆಸಿಕೊಳ್ಳುತ್ತ ಬಂದ, ಮುಖದಲ್ಲಿ ಒಂದು ಸಂತೋಷ, ದೊಡ್ಡ ಕೆಲಸ ಮುಗಿಸಿದವನ ಹಾಗೆ, ಆಯ್ತು ಕನಯ್ಯ ಅಜೀಶ, ಈಗ ಎರಡೂ ಕಡೆ ಚೀಲ ಸಮ ಕೂರ್ತದೆ. ಏನಾಯ್ತು ಎಂದೆ. ಅದೇ ಕನೆ, ಗಾರ್ಡು, ಅಡ್ಡ ಬತ್ತಿತ್ತು, ಕುಯ್ಸಿ ತೆಗೆಸ್ದೆ. ಅದೇ ಕನೆ. ಸೊಪ್ಪು ಸೋಸಿ ಕಡ್ಡಿ ಎಸೆದವರೂ ಇದಕ್ಕಿಂತ ಯೋಚಿಸುತ್ತಾರೆ. ನಾನು ಇಲ್ಲಿ ಕೂತು ಇವನ ಬನಿಯನ್ ಮಡಿಸುತ್ತಿದ್ದಾಗ, ಹಲ್ಲು ಜುಮ್ಮೆಂದಾಗ, ಯಾರದೋ ಗೇಟು ಎಂದುಕೊಂಡಾಗ, ಅದು ಅದೇ. ಶ್ರೀಧರೇಟ್ಟ ಮಳೆಯಲ್ಲಿ ತಲೆಗೆ ಟವೆಲು ಹಾಕಿಕೊಂಡು ಬಂದ, ಕೈಯಲ್ಲಿ ಅದು, ಇವನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದ, ಮೋಳೇ, ಇದು ಗುಜರಿಗೆ ಹಾಕಲೋ, ನೀನು ಕೊಂಡುಹೋಗುತ್ತೀಯೋ, ಕೈ ಚಾಚಿದೆ, ಕುಯ್ದ ತುದಿ ಇನ್ನೂ ಬಿಸಿಯಿತ್ತು, ಹೆಬ್ಬೆರಳಿಗೆ ಗಂಟು ಸಿಕ್ಕಿತು. ಅದ್ಯಾಕೆ ನಿಂಗೆ, ಭಾರ, ಹಾಕಲ್ಲಿ ಎಂದ ಇವನು. ಗಂಟನ್ನು ತಾನೇ ಮಾಡಿದ್ದು ಇವನಿಗೆ ನೆನಪಿಲ್ಲ. ಮರೆತಿದ್ದಾನೆ. ಬೈದಿದ್ದರೆ, ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ಮರೆತಿದ್ದಾನೆ, ನಾನೊಬ್ಬಳೇ ಇಟ್ಟುಕೊಂಡಿದ್ದೆ ಅದನ್ನು.

ಚೀಲಗಳನ್ನು ಸೋಮವಾರ ಕಟ್ಟಿದರಾಯಿತಂತೆ, ಹೊಸದು, ಮಳೆಯಲ್ಲಿ ನೆನೆಯುವುದು ಬೇಡವಂತೆ, ನೀರೇ ಇಳಿಯದ ಚೀಲ ಎಂದು ಕೊಂಡವನು ಪ್ಲಾಸ್ಟಿಕ್ ಸುತ್ತಿಸಿ ನನ್ನ ಹೆಗಲಿಗೆ ಹಾಕಿದ, ಗಾಡಿ ಶೆಡ್ಡಿನ ಮುಂದೆ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿದೆ, ಎಡಗಡೆ ಏನೂ ಇಲ್ಲ, ಬರಿಯ ಚಕ್ರ, ಕಡ್ಡಿ ಕಡ್ಡಿ ಕಾಣುತ್ತದೆ, ಇವನು ಬಲಗಡೆ ನಿಂತು ಒದೆಯುತ್ತಾನೆ, ಇಂಜಿನ್ ತಣ್ಣಗಾಗಿದೆ, ಎಳಿ ಲತಾ, ಚೋಕ್ ಎಳಿ ಎಂದ, ನನ್ನ ಕಡೆ ನೋಡದೆ ಎಂದ, ನನ್ನ ಎರಡು ಕೈಯಲ್ಲೂ ಗಾರ್ಡಿದೆ, ಎಳೆಯಲಿಲ್ಲ, ಒದ್ದ, ಒದ್ದ, ಅಜೀಶ ತನ್ನ ಬಾಗಿಲಲ್ಲಿ ನಿಂತು ಎಫ್‌ಐ ಎಡ್ಕಡಾ, ತಗೊಳ್ಳೋ ಎಂದು ನಗುತ್ತಾನೆ, ಕೊನೆಗೆ ಇವನೇ ಸೀಟಿನ ಮೇಲಿಂದ ಬಗ್ಗಿ ಒಂದು ಕೈಯಲ್ಲಿ ಚೋಕ್ ಹಿಡಿದು ಒದ್ದ, ಹೊಗೆ, ಪೆಟ್ರೋಲ್ ವಾಸನೆ, ಹಿಡಿಯಿತು, ಓಹೋ, ಒಬ್ಬನಿಗೇ ಆಗುತ್ತದೆ, ಇಷ್ಟು ದಿನವೂ ಆಗುತ್ತಿತ್ತು, ಬಾ ಹತ್ತು, ಮಳೆ ಜೋರಾಯ್ತದೆ ಎಂದ, ನಾನು ಉಟ್ಟಿರುವುದು ಸೀರೆ, ಗೃಹಪ್ರವೇಶದ ಸೀರೆ, ಬೆಳಿಗ್ಗೆಯಿಂದ ಇವನ ಹಿಂದೆ ಕೂತು ಬಂದ ಸೀರೆ, ಅದು ಇವನ ಕಣ್ಣಿಗೆ ಬಿದ್ದಿಲ್ಲ, ಗಾರ್ಡು ಕುಯ್ಸುವಾಗಲೂ ಬೀಳಲಿಲ್ಲ, ಮನೆ ತನಕ ನಾನು ಇದರ ಮೇಲೆಯೇ ಹೋಗಬೇಕು ಎಂಬುದೂ ಹೊಳೆಯಲಿಲ್ಲ, ಮೋರಿಯ ಎದುರಿಗೆ ನಿಂತು ಹತ್ತು ಎನ್ನುತ್ತಾನೆ. ನಾನು ಹತ್ತಲ್ಲ ಎಂದೆ, ಬಸ್ಸಲ್ ಬತ್ತೀನಿ, ನೀವ್ ಹೋಗಿ. ಯಾಕೆ ಎಂದ. ನಿಜವಾಗಿ ಕೇಳಿದ, ಹಣೆ ಸುಕ್ಕು ಮಾಡಿಕೊಂಡು, ಗೊತ್ತಿಲ್ಲದೆ ಕೇಳಿದ, ಯಾಕೆ ಲತಾ. ಪ್ಲಾಸ್ಟಿಕ್ ಸುತ್ತಿದ ಚೀಲಗಳನ್ನು ಹೆಗಲಿಂದ ಇಳಿಸಿ ಸೀಟಿನ ಮೇಲೆ, ನನ್ನ ಜಾಗದಲ್ಲಿ ಇಟ್ಟೆ, ಗಾರ್ಡು ಮಾತ್ರ ಕೈಯಲ್ಲೇ ಉಳಿಯಿತು, ಹೇಳಬೇಕು, ಇವತ್ತು ಹೇಳಿಬಿಡಬೇಕು, ಸೆರಗಲ್ಲ, ಸೆರಗಲ್ಲ, ಎಂದು, ಬಾಯಿ ತೆರೆದೆ, ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರ ತನ್ನಷ್ಟಕ್ಕೆ ತಿರುಗಲು ಶುರುವಾಗಿತ್ತು, ಸಾವಕಾಶ, ಕಡ್ಡಿಗಳ ನಡುವೆ ಮೋರಿಯ ಕಟ್ಟೆ ಕಾಣುತ್ತದೆ, ಮರೆಯಾಗುತ್ತದೆ, ಯಾಕೆ ಎನ್ನುತ್ತಿದ್ದಾನೆ ಇನ್ನೂ, ಚಕ್ರ, ಹಸಿರು ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮತ್ತೆ ಮೇಲೆ