ಬಚ್ಚಲುಮನೆಯ ಚಿಲಕ

ನಾನೊಂದು ಹಿತ್ತಾಳೆಯ ಚಿಲಕ. ಗೇಣುದ್ದವೂ ಇಲ್ಲ, ಆದರೆ ಗತ್ತಿಗೇನೂ ಕಡಿಮೆಯಿಲ್ಲ. ಎರಕ ಹೊಯ್ದು, ಉಜ್ಜಿ, ಹೊಳಪು ಕೊಟ್ಟು ನನ್ನನ್ನು ಗದಗಿನ ಅಂಗಡಿಗೆ ಕಳಿಸಿದರು. ಅಲ್ಲಿಂದ ಗಿರಿಜವ್ವನ ಮನೆಗೆ ಬಂದೆ. ಬೀದಿ ಬಾಗಿಲು ಸಿಗುತ್ತದೆ ಎಂದುಕೊಂಡಿದ್ದೆ, ಸಿಕ್ಕಿದ್ದು ಬಚ್ಚಲುಮನೆ. ಮುಖ ಸಿಂಡರಿಸಿಕೊಂಡೇ ಕೆಲಸಕ್ಕೆ ನಿಂತೆ.

ಗಿರಿಜವ್ವನ ಮಗಳು ರೋಹಿಣಿ ಎಲ್ಲವನ್ನೂ ನಿಧಾನವಾಗಿ ಕಲಿಯುವ ಹುಡುಗಿ. ಬೆರಳುಗಳಲ್ಲಿ ಬಲವೂ ಕಡಿಮೆ. ಹತ್ತು ವರ್ಷದವಳಿದ್ದಾಗ ಒಂದು ದಿನ ಒಳಗಿನಿಂದ ನನ್ನನ್ನು ಹಾಕಿಕೊಂಡಳು. ತೆಗೆಯಲು ಬರಲಿಲ್ಲ. ಒಳಗೆ ಅವಳು ಅಳುತ್ತಿದ್ದಳು, ಹೊರಗೆ ಅವ್ವ. ಕೊನೆಗೆ ಬಾಗಿಲು ಒಡೆದರು. ತಪ್ಪೆಲ್ಲ ನನ್ನ ತಲೆಗೆ ಬಂತು. ನನ್ನನ್ನು ಕಿತ್ತು ಅಲ್ಲೇ ಗೂಡಿನಲ್ಲಿದ್ದ ಮೊಳೆ ಡಬ್ಬಿಗೆ ಎಸೆದರು.

ಒಂಬತ್ತು ವರ್ಷ ಅಲ್ಲೇ ಬಿದ್ದಿದ್ದೆ. ರೋಹಿಣಿ ದೊಡ್ಡವಳಾದಳು, ಜಳಕ ಮಾತ್ರ ಅರೆತೆರೆದ ಬಾಗಿಲಲ್ಲೇ. ಗಿರಿಜವ್ವನದೂ ಹಾಗೆಯೇ. ಒಂದು ಕಣ್ಣು ಮಗಳ ಮೇಲಿಟ್ಟು, ಎರಡು ತಂಬಿಗೆ ಸುರಿದುಕೊಂಡು ಎದ್ದು ಬರುತ್ತಿದ್ದಳು.

ಹತ್ತೊಂಬತ್ತಕ್ಕೆ ರೋಹಿಣಿ ತರಬೇತಿ ಕೇಂದ್ರಕ್ಕೆ ಸೇರಿದಳು. ಅಡುಗೆ, ಬಸ್ಸು, ಅಂಗಡಿ ಎಲ್ಲವನ್ನೂ ಸ್ವಂತವಾಗಿ ನಿಭಾಯಿಸಲು ಕಲಿಸುವ ಅಲ್ಲಿನ ಜುಬೇದಾ ಟೀಚರ್ ಒಮ್ಮೆ ಮನೆಗೆ ಬಂದವರು ಬಚ್ಚಲಿನ ಬಾಗಿಲ ಮುಂದೆ ನಿಂತುಬಿಟ್ಟರು.

“ಗಿರಿಜಕ್ಕಾ, ವಯಸ್ಸಿಗೆ ಬಂದ ಹುಡುಗಿ. ಬಾಗ್ಲಾ ಹಾಕ್ಕೊಳ್ಳೋದು ಆಕಿ ಹಕ್ಕು ಅಲ್ಲೇನ್ರೀ?”

“ಮತ್ತ ಒಳಗ ಸಿಕ್ಕೊಂಡ್ರ ಏನ್ ಮಾಡ್ಲಿ, ಟೀಚರ್?”

“ಸಿಕ್ಕೊಳ್ದಂಗ ಕಲಿಸೋಣು.”

ಡಬ್ಬಿ ಬೋರಲಾಯಿತು. ನನಗೆ ಕೊಬ್ಬರಿ ಎಣ್ಣೆ ಬಿತ್ತು. ರೋಹಿಣಿಯ ಕೈಗೆ ಸರಿಯಾಗುವಂತೆ ಬಾಗಿಲಿಗೆ ತುಸು ಕೆಳಗೆ ಕೂರಿಸಿ, ಹಿಡಿಗೆ ಕೆಂಪು ದಾರ ಕಟ್ಟಿದರು. ಮೊದಲು ತೆಗೆಯುವುದು, ಆಮೇಲೆ ಹಾಕುವುದು: ಇದು ಟೀಚರ್ ಕ್ರಮ. ಹದಿನೈದು ದಿನ ಬಾಗಿಲು ತೆರೆದಿಟ್ಟೇ ಅಭ್ಯಾಸ. ಬರೀ ಗಾಳಿಯಲ್ಲಿ ಹಿಂದೆ ಮುಂದೆ ಸರಿದು ಸರಿದು ನನಗೇ ನಾಚಿಕೆಯಾಯಿತು.

ಹದಿನಾರನೆಯ ದಿನ ಬಾಗಿಲು ಮುಚ್ಚಿತು. ರೋಹಿಣಿ ನನ್ನನ್ನು ಹಾಕಿದಳು. ಹೊರಗಿನಿಂದ ಗಿರಿಜವ್ವ ನಿಮಿಷಕ್ಕೊಮ್ಮೆ ಕೂಗುತ್ತಲೇ ಇದ್ದಳು. ಜಳಕ ಮುಗಿಯಿತು. ಒದ್ದೆ ಕೈ ನನ್ನ ಮೇಲೆ ಜಾರಿತು, ಮತ್ತೆ ಜಾರಿತು. ನನ್ನ ಜೀವ ಬಾಯಿಗೆ ಬಂತು. ಅವಳು ಅಳಲಿಲ್ಲ. ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಕೆಂಪು ದಾರ ಹಿಡಿದು ಎಳೆದಳು. ನಾನು ಸರಕ್ಕನೆ ಸರಿದೆ.

“ಎಷ್ಟ್ ಕೂಗ್ತೀಬೇ ಯವ್ವಾ! ನಾ ಜಳಕಾ ಮಾಡಾಕತ್ತಿದ್ದಿಲ್ಲೇನು?”

ಗಿರಿಜವ್ವ ನಗುತ್ತಲೇ ಅತ್ತುಬಿಟ್ಟಳು. ನನಗಂತೂ ಹಿಗ್ಗೋ ಹಿಗ್ಗು.

ಈಗ ನಾನು ಮುದಿ ಚಿಲಕ. ಬಣ್ಣ ಕಪ್ಪಾಗಿದೆ, ಒಂದು ಸ್ಕ್ರೂ ಸಡಿಲ. ದಾರ ಎಂದೋ ಹರಿದುಹೋಯಿತು. ಅದು ಬೇಕಾಗಿಯೂ ಇಲ್ಲ. ಬೀದಿ ಬಾಗಿಲನ್ನು ಈಗ ಪುಕ್ಕಟೆ ಕೊಟ್ಟರೂ ನಾನು ಹೋಗುವುದಿಲ್ಲ.

ನಿನ್ನೆ ಗಿರಿಜವ್ವ ನನ್ನನ್ನು ಹಾಕಿಕೊಂಡು, ಹಾಡು ಗುನುಗುತ್ತ, ಹಂಡೆಯ ನೀರು ಮುಗಿಯುವವರೆಗೆ ಜಳಕ ಮಾಡಿದಳು. ಅಷ್ಟರಲ್ಲಿ ಯಾರೋ ಅವಳನ್ನು ಕೇಳಿಕೊಂಡು ಬಂದರು. ಹೊರಗೆ ರೋಹಿಣಿಯ ದನಿ ಕೇಳಿಸಿತು:

“ಅವ್ವ ಜಳಕಾ ಮಾಡಾಕತ್ತಾಳ್ರೀ. ಅವಸರ ಮಾಡಬ್ಯಾಡ್ರಿ, ಕೂಡ್ರಿ. ನಾ ಅದೀನಲ್ಲ.”